ಹೊಸತೊಡಕಿನ ಬೇಟೆಗೆ ಕೇಸ್ ಇಲ್ಲವೇ? ಕಾಡುಮೊಲ, ಗೌಜಲಹಕ್ಕಿ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಯುಗಾದಿ ಹತ್ತಿರ ಬಂತೆಂದರೆ ಆರ್.ಟಿ. ನಗರದ ಮನೆಗಳಲ್ಲೂ ಹೊಸತೊಡಕಿನ ಲೆಕ್ಕಾಚಾರ ಶುರುವಾಗುತ್ತದೆ. ಹಬ್ಬದ ದಿನ ಬೇವು-ಬೆಲ್ಲ, ಒಬ್ಬಟ್ಟು. ಮರುದಿನ ಬಾಡೂಟ, ಅದಕ್ಕಾಗಿ ಬೆಳಗ್ಗೆಯೇ ಮಟನ್ ಅಂಗಡಿ ಮುಂದೆ ಸಾಲು. ಇದೇ ಹೊತ್ತಿಗೆ ಊರಿನ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇನ್ನೊಂದು ಬಗೆಯ ಮಾತು ಕೇಳಿಬರುತ್ತದೆ. ಹಬ್ಬದ ಬೇಟೆಗೆ ಕೇಸ್ ಹಾಕಲ್ಲ, ಕಾಡುಮೊಲ ಸಣ್ಣ ಪ್ರಾಣಿ ಏನೂ ಆಗಲ್ಲ, ಕಾಡಿನ ಮಾಂಸ ಅಂದ್ರೆ ಔಷಧಿ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಒಂದೊಂದಾಗಿ ನೋಡೋಣ.

ಪದ್ಧತಿ ಇದ್ದದ್ದು ನಿಜ

ಯುಗಾದಿ ಆಸುಪಾಸಿನಲ್ಲಿ ಬೇಟೆಗೆ ಹೋಗುವ ರೂಢಿ ನಮ್ಮ ರಾಜ್ಯದ ಹಲವು ಊರುಗಳಲ್ಲಿ ಇತ್ತು. ಈ ಹೊತ್ತಿಗೆ ಕೊಯ್ಲು ಮುಗಿದು ಹೊಲ ಬರಿದಾಗಿರುತ್ತದೆ. ಪೊದೆಗಳು ಒಣಗಿ ಪ್ರಾಣಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ರೈತರಿಗೂ ಬಿಡುವು. ಹೀಗೆ ಬಲೆ, ದೊಣ್ಣೆ, ನಾಯಿಗಳೊಂದಿಗೆ ಕಾಡುಮೊಲ, ಕಾಡುಹಂದಿ, ಗೌಜಲಹಕ್ಕಿ ಹುಡುಕಿ ಹೋಗುವುದು ಹಬ್ಬದ ಭಾಗವೇ ಆಗಿಹೋಯಿತು.

ಹಿಂದೆ ಲೈಸೆನ್ಸ್ ಕೊಡುತ್ತಿದ್ದರು ಎಂದು ಹಿರಿಯರು ಹೇಳುವುದೂ ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಪಡೆಯಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅಂದಿನಿಂದ ಭಾರತದಲ್ಲಿ ಬೇಟೆಯ ಸೀಸನ್ ಎಂಬುದೇ ಇಲ್ಲ.

ಹಬ್ಬಕ್ಕೆ ವಿನಾಯಿತಿ ಇದೆಯೇ?

ಇಲ್ಲ. ಕಾಯ್ದೆಯ 9ನೇ ಸೆಕ್ಷನ್ ಅನುಸೂಚಿಯಲ್ಲಿರುವ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಹಬ್ಬ, ಜಾತ್ರೆ, ಸಂಪ್ರದಾಯ ಎಂದು ಅದರಲ್ಲಿ ರಿಯಾಯಿತಿ ಇಲ್ಲ. ಬೇಟೆ ಎಂದರೆ ಕೊಲ್ಲುವುದು ಮಾತ್ರ ಎಂದುಕೊಳ್ಳಬೇಡಿ. ಬಲೆ ಹಾಕುವುದು, ಹಿಡಿಯುವುದು, ಹಾಗೆ ಮಾಡಲು ಯತ್ನಿಸುವುದು, ಹಕ್ಕಿಯ ಗೂಡು ಕೆಡಿಸುವುದು, ಮೊಟ್ಟೆ ಎತ್ತುವುದು ಕೂಡ ಕಾನೂನಿನ ಕಣ್ಣಿನಲ್ಲಿ ಬೇಟೆಯೇ.

ಸಣ್ಣ ಪ್ರಾಣಿ ಎಂಬ ಸಮಾಧಾನವೂ ಉಪಯೋಗಕ್ಕೆ ಬರುವುದಿಲ್ಲ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನವಿಲಿನಂತೆ ಮೊದಲ ಅನುಸೂಚಿಯಲ್ಲಿರುವ ಜೀವಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಬೇಟೆಗೆ ಬಳಸಿದ ಬೈಕ್, ಕಾರು, ಬಂದೂಕನ್ನೂ ವಶಪಡಿಸಿಕೊಳ್ಳಬಹುದು.

ಕೋವಿ ಲೈಸೆನ್ಸ್ ಇದ್ದರೆ?

ಬಂದೂಕು ಇಟ್ಟುಕೊಳ್ಳುವ ಅನುಮತಿ ಬೇರೆ, ಬೇಟೆಯಾಡುವ ಅನುಮತಿ ಬೇರೆ. ಕೊಡಗಿನಲ್ಲಿ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅದು ಶಸ್ತ್ರಾಸ್ತ್ರ ಕಾಯ್ದೆಗೆ ಸಂಬಂಧಿಸಿದ್ದು. ವನ್ಯಜೀವಿ ಕಾಯ್ದೆ ಅವರಿಗೂ ಅನ್ವಯಿಸುತ್ತದೆ.

ಕಾಡುಹಂದಿ ಬೆಳೆ ಹಾಳು ಮಾಡಿದರೆ ರೈತ ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ 11ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಅಧಿಕಾರವಿರುವ ಅರಣ್ಯಾಧಿಕಾರಿ ಲಿಖಿತ ಆದೇಶ ಕೊಟ್ಟರೆ ಮಾತ್ರ ಅಂಥ ಪ್ರಾಣಿಯನ್ನು ಕೊಲ್ಲಬಹುದು. ಆಗಲೂ ಸತ್ತ ಪ್ರಾಣಿ ಸರ್ಕಾರದ ಆಸ್ತಿ, ಹಬ್ಬದ ಅಡುಗೆಗೆ ಸಿಗುವುದಿಲ್ಲ.

ಅಮೆರಿಕದಲ್ಲಿ ಬಿಡುತ್ತಾರಲ್ಲ?

ಹೌದು. ಅಲ್ಲಿ ವಸಂತ ಕಾಲದಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಗೆ ಸೀಸನ್ ಇದೆ. ಜನ ತಿಂಗಳುಗಟ್ಟಲೆ ಅದಕ್ಕಾಗಿ ಕಾಯುತ್ತಾರೆ. ಆದರೆ ಅದರ ಹಿಂದೆ ಒಂದು ಲೆಕ್ಕ ಇದೆ. ಒಂದು ಗಂಡು ಟರ್ಕಿ ಹಲವು ಹೆಣ್ಣುಗಳೊಂದಿಗೆ ಕೂಡುತ್ತದೆ, ಆಮೇಲೆ ಕಾವು ಕೂರುವುದಾಗಲಿ ಮರಿ ಸಾಕುವುದಾಗಲಿ ಅದರ ಕೆಲಸವಲ್ಲ. ಆದ್ದರಿಂದ ವಸಂತದಲ್ಲಿ ಸಾಮಾನ್ಯವಾಗಿ ಗಂಡನ್ನು ಅಥವಾ ಎದೆಯ ಮೇಲೆ ಗಡ್ಡದಂಥ ಗರಿಗುಚ್ಛ ಇರುವುದನ್ನು ಮಾತ್ರ ಹೊಡೆಯಲು ಬಿಡುತ್ತಾರೆ. ಒಬ್ಬರಿಗೆ ಎಷ್ಟು ಹಕ್ಕಿ ಎಂಬ ಮಿತಿಯೂ ಇದೆ. ಒಂದು ಕಾಲಕ್ಕೆ ಮಿತಿಯಿಲ್ಲದ ಬೇಟೆ ಮತ್ತು ಕಾಡಿನ ನಾಶದಿಂದ ಈ ಹಕ್ಕಿ ಅಲ್ಲಿ ಬಹುತೇಕ ಮುಗಿದೇ ಹೋಗಿತ್ತು. 1937ರ ಕಾನೂನಿನ ಪ್ರಕಾರ ಬಂದೂಕು, ಗುಂಡುಗಳ ಮೇಲೆ ಹಾಕಿದ ತೆರಿಗೆಯ ಹಣವನ್ನೂ ಬಳಸಿ ದಶಕಗಳ ಕಾಲ ಅದನ್ನು ಮತ್ತೆ ಬೆಳೆಸಿದರು.

ನಮ್ಮ ಗೌಜಲಹಕ್ಕಿಯ ಸಂಸಾರವೇ ಬೇರೆ. ಇದು ಸಾಮಾನ್ಯವಾಗಿ ಜೋಡಿಯಾಗಿ ಬಾಳುತ್ತದೆ, ನೆಲದ ಮೇಲೆ ಗೂಡು ಮಾಡುತ್ತದೆ. ಯುಗಾದಿ ಹೊತ್ತಿಗೆ ಅದರ ಮೊಟ್ಟೆ-ಮರಿ ಕಾಲವೂ ಶುರುವಾಗಿರುತ್ತದೆ. ಆಗ ಬಲೆಗೆ ಬಿದ್ದ ಒಂದು ಹಕ್ಕಿಯ ಹಿಂದೆ ಒಂದು ಗೂಡೇ ಇರಬಹುದು. ಬಲೆ ಗಂಡು-ಹೆಣ್ಣು ನೋಡಿ ಹಿಡಿಯುವುದಿಲ್ಲ.

ಕಾಡಿನ ಮಾಂಸ ಔಷಧಿಯೇ?

ಮೊಲದ ರಕ್ತ ಹಚ್ಚಿದರೆ ಕೂದಲು ಬೆಳೆಯುತ್ತದೆ ಎಂಬ ಮಾತಿಗೆ ವೈಜ್ಞಾನಿಕ ಆಧಾರವಿಲ್ಲ. ಕಾಡುಮಾಂಸದಲ್ಲಿ ಪ್ರೋಟೀನ್ ಇದೆ, ಕೊಬ್ಬು ಕಡಿಮೆ ಇರಬಹುದು. ಆದರೆ ನಾಟಿಕೋಳಿಯಲ್ಲಿ ಸಿಗದ ವಿಶೇಷ ಶಕ್ತಿ ಅದರಲ್ಲೇನೂ ಇಲ್ಲ. ಅಪಾಯ ಮಾತ್ರ ಹೆಚ್ಚು. ಬೇಟೆಯ ಮಾಂಸವನ್ನು ಯಾವ ಪಶುವೈದ್ಯರೂ ಪರೀಕ್ಷಿಸಿರುವುದಿಲ್ಲ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಪರಾವಲಂಬಿ ಹುಳುಗಳು ದೇಹ ಸೇರಬಹುದು. ಸೀಸದ ಗುಂಡಿನಿಂದ ಹೊಡೆದಿದ್ದರೆ ಕಣ್ಣಿಗೆ ಕಾಣದ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ. ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಮಲೆನಾಡಿನ ಕಡೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಬರುತ್ತದೆ. ಅದು ಹೆಚ್ಚಾಗಿ ಕಾಣಿಸುವುದು ಡಿಸೆಂಬರ್‌ನಿಂದ ಮೇ ತನಕ. ಹಬ್ಬದ ಬೇಟೆಯ ದಿನಗಳೂ ಅದರೊಳಗೇ ಬರುತ್ತವೆ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಡಾಕ್ಟರ್‌ಗೆ ಮುಚ್ಚಿಡಬೇಡಿ.

ಹಾಗಾದರೆ ಹೊಸತೊಡಕಿಗೆ?

ಹಬ್ಬದ ಊಟಕ್ಕೆ ಕಾನೂನು ಅಡ್ಡಿಯಾಗಿಲ್ಲ. ಸಾಕಿದ ಕುರಿ, ಮೇಕೆ, ನಾಟಿಕೋಳಿ ಇವೆ. ಆರ್.ಟಿ. ನಗರದಿಂದ ಕೂಗಳತೆಯಲ್ಲಿರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಅಭಿವೃದ್ಧಿಯಾದ ಗಿರಿರಾಜ ಕೋಳಿಯೂ ಇದೆ. ಫಾರ್ಮ್‌ನಲ್ಲಿ ಸಾಕುವ ಬಿಳಿ ಮೊಲ ಮತ್ತು ನಮ್ಮ ಹೊಲದ ಕಾಡುಮೊಲ ಒಂದೇ ಜಾತಿಯಲ್ಲ. ಹೆಸರು ಒಂದೇ ಎಂದು ಮೋಸ ಹೋಗಬೇಡಿ.

ಬೇಟೆಯ ಫೋಟೋ, ವಿಡಿಯೋ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಕ್ಷಣ ಯೋಚಿಸಿ. ಅದರಲ್ಲಿ ಮುಖ ಕಾಣುವ ಹುಡುಗ ನಿಮ್ಮ ಊರಿನವನೇ ಆಗಿರಬಹುದು, ಆ ವಿಡಿಯೋ ನಾಳೆ ಅವನ ಮೇಲಿನ ಕೇಸಿಗೆ ಸಾಕ್ಷಿಯೂ ಆಗಬಹುದು. ಈಗಷ್ಟೇ ಬೇಟೆ ನಡೆಯುತ್ತಿದೆ ಎಂದು ಗೊತ್ತಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಹಬ್ಬದ ಬೇಟೆಗೆ ಕೇಸ್ ಇಲ್ಲ ಎಂಬ ಮೆಸೇಜ್ ಮಾತ್ರ ಬಂದಿದ್ದರೆ, ಆ ಗ್ರೂಪ್‌ಗೆ ಈ ಲೇಖನವನ್ನು ಕಳಿಸಿ. ಊರಿಗೆ ಹಬ್ಬಕ್ಕೆ ಹೊರಟವರಿಗೆ ಹಬ್ಬದ ಮೊದಲೇ ತಲುಪಿದರೆ ಒಳ್ಳೆಯದು.