ಅಳೆಯುವುದನ್ನೇ ನಿಷೇಧಿಸಿದರೆ ಉಳಿಯುವುದೇನು?

ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಹಾರ್ನೆಟ್ ಎಂಬ ಹಳೆಯ ಯುದ್ಧನೌಕೆ ಈಗ ವಸ್ತುಸಂಗ್ರಹಾಲಯವಾಗಿ ನಿಂತಿದೆ. 2024ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರ ಡೆಕ್ಕಿನಿಂದ ಉಪ್ಪುನೀರಿನ ನವಿರಾದ ತುಂತುರನ್ನು ಗಾಳಿಗೆ ಚಿಮ್ಮಿಸಿದರು. ಕಡಲ ಮೇಲಿನ ಮೋಡಗಳನ್ನು ಇನ್ನಷ್ಟು ಬೆಳ್ಳಗಾಗಿಸಿ ಬಿಸಿಲನ್ನು ಹಿಂದಕ್ಕಟ್ಟುವ ಯೋಜನೆಗೆ ಅದು ಪೂರ್ವಭಾವಿ ಪರೀಕ್ಷೆ. ನಗರಾಡಳಿತ ತಡೆಯಿತು, ತಾನೇ ನೇಮಿಸಿದ ತಜ್ಞರು ಅಳತೆಗೆ ಸಿಗುವಂಥ ಆರೋಗ್ಯ ಅಪಾಯವೇನೂ ಇಲ್ಲವೆಂದ ಮೇಲೂ ಜೂನ್‌ನಲ್ಲಿ ಅದಕ್ಕೆ ಅನುಮತಿ ನಿರಾಕರಿಸಿತು. ಊರಿನವರಿಗೆ ಮೊದಲೇ ಸರಿಯಾಗಿ ತಿಳಿಸದೆ ಕೆಲಸಕ್ಕಿಳಿದದ್ದು ವಿಜ್ಞಾನಿಗಳ ತಪ್ಪೇ. ಆದರೆ ಆ ತಪ್ಪಿಗೆ ಮದ್ದು ಸಭೆ ಕರೆದು ಮಾತಾಡುವುದು, ಪರೀಕ್ಷೆಯ ಬಾಗಿಲು ಮುಚ್ಚುವುದಲ್ಲ.

ಹವಾಮಾನವನ್ನೇ ತಿದ್ದಲು ಹೊರಡುವುದು ಭಯ ಹುಟ್ಟಿಸುವ ಸಂಗತಿ, ಒಪ್ಪೋಣ. 1991ರಲ್ಲಿ ಫಿಲಿಪೀನ್ಸಿನ ಪಿನಟೂಬೊ ಜ್ವಾಲಾಮುಖಿ ಒಂದೂವರೆ ಕೋಟಿ ಟನ್ನಿಗೂ ಹೆಚ್ಚು ಗಂಧಕದ ಡೈಆಕ್ಸೈಡನ್ನು ಮೇಲಕ್ಕೆ ಉಗುಳಿದಾಗ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ಜೊತೆಗೆ ಓಜೋನ್ ಪದರ ಸವೆಯಿತು, ನೆಲದ ಮೇಲೆ ಬೀಳುವ ಮಳೆಯೂ ಇಳಿಯಿತು. ಇದನ್ನೇ ಮನುಷ್ಯರು ವಿಮಾನದಿಂದ ಮಾಡಿದರೆ? ಉತ್ತರಾರ್ಧಗೋಳದಲ್ಲಷ್ಟೇ ಗಂಧಕ ಚೆಲ್ಲಿದರೆ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿದು ನಮ್ಮ ಮುಂಗಾರು ಸೊರಗುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ಹೇಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದಸಾಮಿ ಬಾಲ ಅವರ ತಂಡ ಇಂಥ ಲೆಕ್ಕಗಳನ್ನು ವರ್ಷಗಳಿಂದ ಹಾಕುತ್ತಿದೆ. ನಮಗೆ ಇದು ಪರದೇಶದ ತಂಟೆಯಲ್ಲ, ರಾಗಿ ಬಿತ್ತುವವನ ವಿಷಯ.

ಅಧ್ಯಯನ ಶುರುವಾದರೆ ಪ್ರಯೋಗ ತಾನಾಗಿ ಹಿಂದೆ ಬರುತ್ತದೆ, ಇಂಗಾಲ ಕಡಿತಗೊಳಿಸುವ ಒತ್ತಡ ಸಡಿಲವಾಗುತ್ತದೆ ಎಂಬುದು ವಿರೋಧಿಗಳ ಬಲವಾದ ವಾದ. 2009ರ ಲೋಹಾಫೆಕ್ಸ್ ಪ್ರಯೋಗ ಬೇರೆಯೇ ಕಥೆ ಹೇಳುತ್ತದೆ. ಪಾಚಿ ಬೆಳೆಸಿ ಅದರೊಡನೆ ಇಂಗಾಲವನ್ನು ಕಡಲ ತಳಕ್ಕಿಳಿಸಬಹುದೇ ಎಂದು ನೋಡಲು ಭಾರತ-ಜರ್ಮನಿಯ ವಿಜ್ಞಾನಿಗಳು ದಕ್ಷಿಣ ಸಾಗರದ ಸುಮಾರು 300 ಚದರ ಕಿ.ಮೀ. ನೀರಿಗೆ ಕಬ್ಬಿಣ ಸುರಿದರು. ಜರ್ಮನಿಯಲ್ಲಿ ಗದ್ದಲವೆದ್ದು ಹಡಗು ಅಪ್ಪಣೆಗಾಗಿ ಕಾಯಬೇಕಾಯಿತು. ಕೊನೆಗೆ ಕಂಡದ್ದೇನು? ಹುಟ್ಟಿದ ಪಾಚಿಯನ್ನು ಸಣ್ಣ ಸಿಗಡಿಯಂಥ ಜೀವಿಗಳು ಮೇಯ್ದವು. ತಳಕ್ಕಿಳಿದ ಇಂಗಾಲ ತೀರಾ ಅಲ್ಪ. ಕಡಲಿಗೆ ಕಬ್ಬಿಣ ಹಾಕಿ ಭೂಮಿ ಉಳಿಸುತ್ತೇವೆನ್ನುವವರ ಉತ್ಸಾಹಕ್ಕೆ ತಣ್ಣೀರೆರಚಿದ್ದು ನಿಷೇಧವಲ್ಲ, ಆ ಅಳತೆ.

ಇನ್ನೊಂದು ಕಡೆ ನೋಡಿ. 2022ರಲ್ಲಿ ಅಮೆರಿಕದ ಒಂದು ಸಣ್ಣ ಕಂಪನಿ ಮೆಕ್ಸಿಕೊದಲ್ಲಿ ಗಂಧಕ ತುಂಬಿದ ಬಲೂನು ಹಾರಿಸಿತು, ಅದರಿಂದ ಸಿಗುವ 'ತಂಪ'ನ್ನು ಕ್ರೆಡಿಟ್‌ಗಳಾಗಿ ಮಾರಾಟಕ್ಕಿಟ್ಟಿತು. ಅನುಮತಿಯಿಲ್ಲ, ಸ್ವತಂತ್ರ ಅಳತೆಯಿಲ್ಲ. ವಿಜ್ಞಾನಿ ಹಿಂದೆ ಸರಿದ ಜಾಗಕ್ಕೆ ಬರುವವರು ಇಂಥವರೇ. ಹಾಗಾಗಿ ಸಾರ್ವಜನಿಕ ಹಣದಲ್ಲಿ, ಬಹಿರಂಗ ದತ್ತಾಂಶದೊಂದಿಗೆ, ಉಸಿರಾಟದಿಂದ ಮುಂಗಾರಿನವರೆಗೆ ಹಾನಿಯನ್ನು ಹುಡುಕುವ ಅಧ್ಯಯನಕ್ಕೆ ಭಾರತದ ಭೂವಿಜ್ಞಾನ ಸಚಿವಾಲಯವೇ ಮುಂದಾಗಲಿ. ಮೊದಲ ವರದಿ ರೈತರ ಭಾಷೆಗಳಲ್ಲಿ ಹೊರಬರಲಿ.