ಎಲ್ಲರ ಕೈಗೂ ಬಗ್ಗುವ ಬಿಲ್ಲು ತನ್ನಿ



ನಮ್ಮ ಶಾಲೆಗೆ ಬಿಲ್ಲುಗಾರಿಕೆ ಬರ್ತಾ ಇದೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಹಳೆಯ ವಿದ್ಯಾರ್ಥಿಗಳು ಸೇರಿ ಇದಕ್ಕಾಗಿ 12,000 ರೂಪಾಯಿ ಕೊಟ್ಟಿದ್ದಾರೆ. ಅವರಿಗೆ ನಮ್ಮೆಲ್ಲರ ವಂದನೆಗಳು. ಆದರೆ ಯಾವ ಬಿಲ್ಲು ತರಬೇಕು ಅನ್ನೋದರಲ್ಲಿ ಈಗ ಎರಡು ಪಕ್ಷ ಆಗಿವೆ. ಬರುವ ಸೋಮವಾರ ಎಸ್.ಡಿ.ಎಂ.ಸಿ. ಸಭೆಯಲ್ಲಿ ಅದು ತೀರ್ಮಾನ ಆಗುತ್ತದೆ. ಸಭೆಯಲ್ಲಿ ನಾವು ಮಕ್ಕಳು ಮಾತಾಡೋಕೆ ಆಗಲ್ಲ. ಅದಕ್ಕೇ ನನ್ನ ಅಭಿಪ್ರಾಯವನ್ನು ಈ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ದೊಡ್ಡವರೂ ಓದಲಿ.

ಪಿ.ಟಿ. ಮೇಷ್ಟ್ರು ಪೇಟೆಗೆ ಹೋಗಿ ವಿಚಾರಿಸಿಕೊಂಡು ಬಂದರು. ಅಂಗಡಿಯಲ್ಲಿ ಎರಡು ಥರದ ಬಿಲ್ಲು ಇವೆಯಂತೆ. ಒಂದು, ಮರದ ಪಟ್ಟಿಗಳನ್ನು ಫೈಬರ್ ಜೊತೆ ಅಂಟಿಸಿ ಮಾಡಿದ 40 ಪೌಂಡಿನ ಉದ್ದ ಬಿಲ್ಲು. ನೋಡೋಕೆ ಕನ್ನಡಿ ಹಾಗೆ ಹೊಳೆಯುತ್ತದೆ, ಬೆಲೆ 9,000 ರೂಪಾಯಿ. ಇನ್ನೊಂದು, 20 ಪೌಂಡಿನ ಬಿದಿರಿನ ಬಿಲ್ಲು, ಒಂದಕ್ಕೆ 1,500 ರೂಪಾಯಿ. ಊರಿನ ಕೆಲವರು "ತಂದರೆ ಒಳ್ಳೇದೇ ತರೋಣ, ಒಂದೇ ಆದರೂ ಪರವಾಗಿಲ್ಲ" ಅನ್ನುತ್ತಾರೆ. ನಾನು ಹೇಳೋದು, ನಾಲ್ಕು ಬಿದಿರಿನ ಬಿಲ್ಲು ತನ್ನಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಈ ಪೌಂಡಿನ ವಿಷಯ. 40 ಪೌಂಡ್ ಅಂದರೆ ಬಿಲ್ಲಿನ ತೂಕ ಅಲ್ಲ. ಹೆದೆಯನ್ನು 28 ಇಂಚು ಎಳೆದಾಗ ನಮ್ಮ ಬೆರಳಿನ ಮೇಲೆ ಬೀಳುವ ಭಾರ. ಕಿಲೋ ಲೆಕ್ಕದಲ್ಲಿ ಸುಮಾರು 18 ಕಿಲೋ. ಮಕ್ಕಳ ಕೈ ಚಿಕ್ಕದು, ಅವರು 28 ಇಂಚು ಎಳೆಯೋದೇ ಇಲ್ಲ ಅಂತ ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಎಷ್ಟು ಎಳೆಯುತ್ತೇವೆ ಅಂತ ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಎರಡೂ ಕೈ ಅಗಲಿಸಿ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಗೆ ಅಳೆದು, ಅದನ್ನು ಎರಡೂವರೆಯಿಂದ ಭಾಗಿಸಬೇಕು. ನನ್ನ ಅಳತೆ 140 ಸೆಂ.ಮೀ. ಭಾಗಿಸಿದರೆ 56 ಸೆಂ.ಮೀ., ಅಂದರೆ 22 ಇಂಚು. 40 ಪೌಂಡಿನ ಬಿಲ್ಲಿನಲ್ಲಿ ಒಂದು ಇಂಚು ಕಡಿಮೆ ಎಳೆದರೆ ಸುಮಾರು 2 ಪೌಂಡ್ ಕಡಿಮೆಯಾಗುತ್ತದೆ. ಆಗಲೂ ನನ್ನ ಪಾಲಿಗೆ 28 ಪೌಂಡ್ ಉಳಿಯಿತು. ಹತ್ತಿರ ಹತ್ತಿರ 13 ಕಿಲೋ. ಇದು ಹೆಚ್ಚು ಕಡಿಮೆ ಒಂದು ಕೊಡ ನೀರಿನ ಭಾರ. ನೀರನ್ನಾದರೆ ಸೊಂಟದ ಮೇಲೆ ಇಟ್ಟುಕೊಂಡು ತರುತ್ತೇವೆ. ಇದನ್ನು ಮೂರು ಬೆರಳಿನಲ್ಲಿ ಎಳೆದು, ಕೈ ನಡುಗಿಸದೆ, ಗುರಿ ನೋಡಬೇಕು. ಆಗುತ್ತಾ ಹೇಳಿ?

ಅದೇ 20 ಪೌಂಡಿನ ಬಿದಿರು ಬಿಲ್ಲಿನಲ್ಲಿ ನನಗೆ ಬೀಳೋದು ಸುಮಾರು 14 ಪೌಂಡ್. ಆರೂವರೆ ಕಿಲೋಗಿಂತ ಕಡಿಮೆ. ಇದನ್ನು ಆರನೇ ತರಗತಿಯ ಸಣ್ಣವರೂ ಎಳೆಯುತ್ತಾರೆ. ಕೈಗೆ ಮೀರಿದ ಬಿಲ್ಲು ಹಿಡಿದರೆ ಬೆನ್ನು ವಾಲುತ್ತದೆ, ಭುಜ ಮೇಲೆ ಏರುತ್ತದೆ, ಬಾಣ ಎಲ್ಲೋ ಹೋಗುತ್ತದೆ. ಆ ಕೆಟ್ಟ ಅಭ್ಯಾಸ ಆಮೇಲೆ ಬಿಡೋದಿಲ್ಲ. ಭುಜ ಉಳುಕಿದರೆ ಆಸ್ಪತ್ರೆ ಖರ್ಚು ಬೇರೆ.

ಇದು ನನ್ನ ಸ್ವಂತ ಬುದ್ಧಿ ಅಲ್ಲ, ಹಿಂದಿನವರೂ ಹೀಗೇ ಮಾಡುತ್ತಿದ್ದರು. ಉದ್ದ ಬಿಲ್ಲಿಗೆ ಹೆಸರಾದ ದೇಶ ಇಂಗ್ಲೆಂಡ್. ಅಲ್ಲಿ 1545ರಲ್ಲಿ ಮೇರಿ ರೋಸ್ ಅನ್ನೋ ಯುದ್ಧದ ಹಡಗು ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಆ ಹಡಗಿನಲ್ಲಿ 130ಕ್ಕೂ ಹೆಚ್ಚು ಇಡೀ ಬಿಲ್ಲುಗಳು ಸಿಕ್ಕವು. ಎಲ್ಲಾ ಯೂ ಅನ್ನೋ ಮರದವು, ಆಳಿಗಿಂತ ಎತ್ತರ. ಅವುಗಳ ಭಾರ 100 ಪೌಂಡಿಗೂ ಹೆಚ್ಚು ಅಂತ ತಿಳಿದವರು ಲೆಕ್ಕ ಹಾಕಿದ್ದಾರೆ! ಅಷ್ಟು ಭಾರದ ಬಿಲ್ಲು ಎಳೆಯೋ ಸೈನಿಕರು ಹೇಗೆ ತಯಾರಾದರು? ಅದೇ ಕಾಲದ ಲ್ಯಾಟಿಮರ್ ಅನ್ನೋ ಪಾದ್ರಿ 1549ರಲ್ಲಿ ರಾಜನ ಮುಂದೆ ಮಾಡಿದ ಉಪದೇಶದಲ್ಲಿ ತನ್ನ ಬಾಲ್ಯದ ವಿಷಯ ಹೇಳಿದ್ದಾನೆ. ಅವನ ಅಪ್ಪ ಅವನ ವಯಸ್ಸು ಮತ್ತು ಶಕ್ತಿ ನೋಡಿ ಬಿಲ್ಲು ತಂದುಕೊಡುತ್ತಿದ್ದನಂತೆ. ಮಗ ಬೆಳೆದ ಹಾಗೆ ಬಿಲ್ಲೂ ದೊಡ್ಡದಾಗುತ್ತಿತ್ತಂತೆ. ನೋಡಿ, ಅಷ್ಟು ದೊಡ್ಡ ಬಿಲ್ಲುಗಾರರ ದೇಶದಲ್ಲೇ ಮಗುವಿಗೆ ಮಗುವಿನ ಬಿಲ್ಲು ಕೊಡುತ್ತಿದ್ದರು. ನಾವು ಮಾತ್ರ ಯಾಕೆ ಮೊದಲ ದಿನವೇ 40 ಪೌಂಡಿಗೆ ಕೈ ಹಾಕಬೇಕು?

ಎರಡನೇ ವಿಷಯ, ಸರದಿ. ಆರು ಮತ್ತು ಏಳನೇ ತರಗತಿ ಸೇರಿದರೆ ನಾವು 32 ಮಂದಿ. ಒಬ್ಬರು ಮೂರು ಬಾಣ ಬಿಟ್ಟು ಆಯ್ದುಕೊಂಡು ಬರಲು 3 ನಿಮಿಷ ಅಂತ ಇಟ್ಟುಕೊಳ್ಳಿ. 40 ನಿಮಿಷದ ಪೀರಿಯಡ್‌ನಲ್ಲಿ ಒಂದೇ ಬಿಲ್ಲಿದ್ದರೆ 13 ಮಂದಿಗೆ ಮಾತ್ರ ಸರದಿ ಬರುತ್ತದೆ. ನಾಲ್ಕು ಬಿಲ್ಲಿದ್ದರೆ ಒಟ್ಟಿಗೆ ನಾಲ್ವರು ನಿಂತು ಬಿಡಬಹುದು. 24 ನಿಮಿಷಕ್ಕೆ 32 ಮಂದಿದೂ ಮುಗಿಯುತ್ತದೆ. ಒಂದೇ ಬಿಲ್ಲಿದ್ದರೆ ಆ 13 ಮಂದಿ ಯಾರು ಅಂತ ನಾನು ಹೇಳಬೇಕಾ? ಮುಂದೆ ನುಗ್ಗುವ ದೊಡ್ಡ ಹುಡುಗರು. ಹುಡುಗಿಯರು, ಸಣ್ಣವರು ಬಾಣ ಆಯ್ದುಕೊಡೋ ಕೆಲಸಕ್ಕೆ. ವಾಲಿಬಾಲ್‌ನಲ್ಲಿ ಈಗ ಆಗ್ತಾ ಇರೋದು ಅದೇ ತಾನೇ? ಹುಡುಗರು ಸಿಟ್ಟು ಮಾಡಿಕೊಳ್ಳಬೇಡಿ, ನಿಜ ಹೇಳಿದೆ.

"ಹುಡುಗಿಯರಿಗೆ ಬಿಲ್ಲು ಯಾಕೆ" ಅಂತ ಮೊನ್ನೆ ಒಬ್ಬರು ಕೇಳಿದರು. ಜಾರ್ಖಂಡಿನ ದೀಪಿಕಾ ಕುಮಾರಿ ಚಿಕ್ಕವಳಿದ್ದಾಗ ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲು ಬಾಣದಲ್ಲಿ ಅಭ್ಯಾಸ ಮಾಡಿದವರು. ತಂದೆ ಆಟೋ ಓಡಿಸುತ್ತಿದ್ದರು. ಅವರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದರು. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಕೂಡ ಬಿದಿರಿನ ಬಿಲ್ಲಿನಿಂದಲೇ ಶುರು ಮಾಡಿ, 1992ರಲ್ಲಿ ಬೀಜಿಂಗ್‌ನ ಏಷ್ಯನ್ ಪಂದ್ಯದಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಇಬ್ಬರೂ ಆಮೇಲೆ ದೊಡ್ಡ ಬಿಲ್ಲು ಹಿಡಿದರು, ನಿಜ. ಆದರೆ ಮೊದಲು ಕೈಗೆ ಸಿಕ್ಕಿದ್ದು ಬಿದಿರು.

ಮೂರನೇ ವಿಷಯ, ಎಡಗೈಯವರು. ಆ ಹೊಳೆಯುವ ಬಿಲ್ಲಿನಲ್ಲಿ ಬಾಣ ಇಡಲು ಒಂದು ಪಕ್ಕಕ್ಕೆ ಕಚ್ಚು ತೆಗೆದಿರುತ್ತಾರೆ. ಅಂಗಡಿಯಲ್ಲಿರೋದು ಬಲಗೈಯವರಿಗೆ ಮಾತ್ರ. ನನ್ನ ಬೆಂಚಿನ ಗೆಳತಿ ಎಡಚಿ. ಅವಳು ಏನು ಮಾಡಬೇಕು? ಮೇಷ್ಟ್ರು ನೋಡಿ ಬಂದ ಬಿದಿರು ಬಿಲ್ಲಿನಲ್ಲಿ ಕಚ್ಚು ಇಲ್ಲ, ಮುಷ್ಟಿಯ ಮೇಲೇ ಬಾಣ ಇಡೋದು. ಯಾವ ಕೈಯಲ್ಲಾದರೂ ಹಿಡಿಯಬಹುದು.

ಈಗ ದುಡ್ಡಿನ ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ದೊಡ್ಡ ಬಿಲ್ಲಿಗೆ 9,000 ಹೋದರೆ ಉಳಿಯೋದು 3,000. ಬಾಣ ತಂದರೆ ಅದೂ ಖಾಲಿ. ಹೆದೆ ತುಂಡಾದರೆ ಮತ್ತೆ ಯಾರ ಹತ್ತಿರ ಕೇಳೋದು? ನಾಲ್ಕು ಬಿದಿರು ಬಿಲ್ಲಿಗೆ 6,000. ಇನ್ನೂ 6,000 ಕೈಯಲ್ಲಿರುತ್ತದೆ. ಬಾಣ ಒಂದಕ್ಕೆ 100 ರೂಪಾಯಿ, 24 ಬಾಣಕ್ಕೆ 2,400. ಉಳಿದ 3,600ರಲ್ಲಿ ಮೊಣಕೈ ಕೆಳಗೆ ಕಟ್ಟುವ ಚರ್ಮದ ಪಟ್ಟಿ, ಬೆರಳಿಗೆ ಹಾಕುವ ಚರ್ಮ, ಎರಡು ಮೂರು ಹೆಚ್ಚಿನ ಹೆದೆ ಬರುತ್ತವೆ. ಗುರಿಹಲಗೆಗೆ ದುಡ್ಡೇ ಬೇಡ, ಭತ್ತದ ಹುಲ್ಲನ್ನು ಬಿಗಿಯಾಗಿ ಕಟ್ಟಿದರೆ ಸಾಕು. ಬಾಣ ಮುರಿಯುತ್ತವೆ, ಬೇಲಿಯಲ್ಲಿ ಕಳೆದುಹೋಗುತ್ತವೆ. ಬಿಲ್ಲಿಗಿಂತ ಬಾಣಕ್ಕೇ ದುಡ್ಡು ಮತ್ತೆ ಮತ್ತೆ ಬೇಕು ಅನ್ನೋದನ್ನು ಯಾರೂ ಯೋಚನೆ ಮಾಡಿಲ್ಲ.

"ಬಿದಿರು ಮುರಿಯುತ್ತೆ" ಅನ್ನೋರಿಗೆ ನನ್ನ ಉತ್ತರ ಇದು. ನೋಡಿ ಆರಿಸಿದರೆ, ಜೋಪಾನ ಮಾಡಿದರೆ ಬಾಳುತ್ತದೆ. ಆರಿಸುವಾಗ ಬಿಲ್ಲುಗಾರನ ಎತ್ತರದಷ್ಟು ಅಥವಾ ಸ್ವಲ್ಪ ಹೆಚ್ಚು ಉದ್ದ ಇರೋದನ್ನೇ ತರಬೇಕು. ಗಿಡ್ಡ ಬಿಲ್ಲನ್ನು ಅಷ್ಟೇ ದೂರ ಎಳೆದರೆ ಅದು ಹೆಚ್ಚು ಬಗ್ಗಬೇಕು, ಬೇಗ ಮುರಿಯುತ್ತದೆ. ಬಿದಿರಿನ ಹೊರ ಸಿಪ್ಪೆ ಗುರಿಯ ಕಡೆಗಿರಬೇಕು, ಅದರ ಮೇಲೆ ಕತ್ತಿ ಗಾಯ ಇರಬಾರದು. ಎಳೆದಾಗ ಹಿಗ್ಗುವ ಭಾರವನ್ನೆಲ್ಲ ತಡೆಯೋದು ಆ ಸಿಪ್ಪೆಯ ನಾರೇ. ಹೆದೆ ಏರಿಸಿ ದೂರದಿಂದ ನೋಡಿದರೆ ಮೇಲಿನ ತೋಳು ಕೆಳಗಿನ ತೋಳು ಒಂದೇ ಸಮ ಬಗ್ಗಿರಬೇಕು. ಒಂದೇ ಜಾಗದಲ್ಲಿ ಮೊಣಕೈ ಹಾಗೆ ಮಡಚಿದ್ದರೆ ಬೇಡ ಅನ್ನಿ. ಹಸಿ ಬಿದಿರಿನದಾದರೆ ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತದೆ, ಚೆನ್ನಾಗಿ ಒಣಗಿರಬೇಕು. ತಂದ ಮೇಲೆ ಆಟ ಮುಗಿದ ಕೂಡಲೇ ಹೆದೆ ಇಳಿಸಬೇಕು. ಬಿಸಿಲಿಗೆ ಇಡಬಾರದು. ಬಾಣ ಇಲ್ಲದೆ ಹೆದೆ ಎಳೆದು ಬಿಡಲೇಬಾರದು, ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಹೊಡೆಯುತ್ತದೆ. ಇನ್ನೊಂದು ಮಾತು, ಬಿಲ್ಲು ಹಗುರ ಅಂತ ಅದು ಜಾತ್ರೆಯ ಆಟಿಕೆ ಅಲ್ಲ. ಎಲ್ಲರ ಬಾಣ ಮುಗಿದು ಮೇಷ್ಟ್ರು ಸೀಟಿ ಊದುವವರೆಗೆ ಯಾರೂ ಗೆರೆ ದಾಟಬಾರದು.

"ಬೇರೆ ಶಾಲೆಯವರು ನಗುತ್ತಾರೆ" ಅನ್ನೋದು ಕೊನೆಯ ಆಕ್ಷೇಪ. ನಮ್ಮ ದೇಶದಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗವೇ ಇದೆ. ಅದನ್ನು ಬಿದಿರಿನ ಬಿಲ್ಲಿನಲ್ಲೇ ಆಡುತ್ತಾರೆ, ರಾಷ್ಟ್ರಮಟ್ಟದ ಪಂದ್ಯವೂ ನಡೆಯುತ್ತದೆ. ಭೂತಾನದಲ್ಲಂತೂ ಬಿಲ್ಲುಗಾರಿಕೆಯೇ ರಾಷ್ಟ್ರೀಯ ಆಟ. ವಿದೇಶದ ಗಾಲಿ ಬಿಲ್ಲುಗಳು ಬಂದ ಮೇಲೂ ಅಲ್ಲಿ ಬಿದಿರು ಬಿಲ್ಲಿನ ಪಂದ್ಯ ನಿಂತಿಲ್ಲ. ಗುರಿ ಇರೋದು ಸುಮಾರು 145 ಮೀಟರ್ ದೂರದಲ್ಲಿ! ಅವರನ್ನು ನೋಡಿ ಯಾರು ನಗುತ್ತಾರೆ?

ದೊಡ್ಡ ಬಿಲ್ಲು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಎರಡು ವರ್ಷ ಅಭ್ಯಾಸ ಆಗಲಿ, ಯಾರಿಗೆ ಕೈ ಕುದುರುತ್ತದೋ ಅವರಿಗಾಗಿ ಆಗ ತರೋಣ. ಈಗಲೇ ತಂದರೆ ಅದು ಹೆಡ್ ಮೇಷ್ಟ್ರ ಕೋಣೆಯ ಬೀರುವಿನಲ್ಲಿ ಹಾರ್ಮೋನಿಯಂ ಪಕ್ಕ ಕೂರುತ್ತದೆ. ಆಗಸ್ಟ್ 15ಕ್ಕೆ ಮಾತ್ರ ಹೊರಗೆ ಬರುತ್ತದೆ.

ಆದ್ದರಿಂದ ಸಭೆಯ ಹಿರಿಯರಲ್ಲಿ ನನ್ನ ವಿನಂತಿ: ತೀರ್ಮಾನ ಮಾಡುವ ಮೊದಲು ಆರನೇ ತರಗತಿಯ ಅತಿ ಚಿಕ್ಕ ಹುಡುಗಿಯನ್ನೂ, ನನ್ನ ಎಡಚಿ ಗೆಳತಿಯನ್ನೂ ಕರೆದು ಅಂಗಡಿಯ ಎರಡೂ ಬಿಲ್ಲನ್ನು ಎಳೆಯಲು ಕೊಡಿ. ಆಮೇಲೆ ನಿಮಗೆ ತೋಚಿದ್ದು ಮಾಡಿ.

ಗೆಳೆಯರೇ, ಇದು ನನ್ನ ಅಭಿಪ್ರಾಯ. ಒಪ್ಪದವರು ಸುಮ್ಮನೆ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಗೀಚಬೇಡಿ. ನಿಮ್ಮ ಉತ್ತರ ಬರೆದು ಸಂಪಾದಕರಿಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತಾರೆ.

— ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ