ನಿಂಬೆ ಗಿಡಕ್ಕೆ ಇನ್ನೊಂದು ವರ್ಷ



ಬೇಸಿಗೆ ಬಂತೆಂದರೆ ನಿಂಬೆಹಣ್ಣಿನ ಬೆಲೆ ಏರುತ್ತದೆ. 2022ರ ಏಪ್ರಿಲ್ ತಿಂಗಳಲ್ಲಿ ಹಲವು ಊರುಗಳಲ್ಲಿ ಒಂದೇ ಒಂದು ಹಣ್ಣಿಗೆ ಹತ್ತು ರೂಪಾಯಿ ಕೊಟ್ಟದ್ದು ನಿಮಗೆ ನೆನಪಿರಬಹುದು. ಅದೇ ಹಣ್ಣು ಮಳೆಗಾಲದ ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಗದ್ವಾಲ, ಮಕ್ತಲ್, ನಾರಾಯಣಪೇಟೆಯ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ, ಹೊಲದಿಂದ ಬಂದವರಿಗೆ ಉಪ್ಪು, ಸಕ್ಕರೆ ಬೆರೆಸಿದ ಒಂದು ಲೋಟ ನಿಂಬೆ ಶರಬತ್ತು ಎಂಥ ಉಪಕಾರವೆಂದು ನಾನು ಹೇಳಬೇಕಾಗಿಲ್ಲ. ನಾವು ಲಿಂಬಿಕಾಯಿ ಎನ್ನುತ್ತೇವೆ, ಪಕ್ಕದ ಮನೆಯ ತೆಲುಗರು ನಿಮ್ಮಕಾಯ ಎನ್ನುತ್ತಾರೆ. ಹುಳಿ ಮಾತ್ರ ಒಂದೇ.

ಮನೆಗೊಂದು ನಿಂಬೆ ಗಿಡವಿದ್ದರೆ ಈ ಚಿಂತೆಯಿಲ್ಲ. ಅನೇಕರ ಅಂಗಳದಲ್ಲಿ ಗಿಡ ಇದ್ದೇ ಇದೆ. ಆದರೆ ಮನೆ ಭೇಟಿಗೆ ಹೋದಾಗ ಕೇಳಿಬರುವ ದೂರು ಇದು: "ಫಾದರ್, ಗಿಡ ಹಚ್ಚಿ ಮೂರು ವರ್ಷ ಆತು, ಒಂದು ಹೂವೂ ಬಿಟ್ಟಿಲ್ಲ. ಬರೀ ಮುಳ್ಳು. ಕಡಿದು ಹಾಕಬೇಕಂತ ಮಾಡೀವಿ."

ಕೊಡಲಿ ಎತ್ತುವ ಮೊದಲು ಒಂದು ಪ್ರಶ್ನೆ. ಆ ಗಿಡ ಬೀಜದಿಂದ ಬಂದದ್ದೋ, ಗೂಟಿ ಕಟ್ಟಿ ಮಾಡಿದ್ದೋ? ಗೂಟಿ ಗಿಡ ಎರಡು ಮೂರು ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಬೀಜದ ಗಿಡಕ್ಕೆ ನಾಲ್ಕೈದು ವರ್ಷ ಬೇಕು. ಆದ್ದರಿಂದ ಮೂರು ವರ್ಷದ ಬೀಜದ ಗಿಡ ಬಂಜೆಯಲ್ಲ, ಅದಿನ್ನೂ ಮಗು. ಬೀಜದ ಗಿಡ ಕೀಳೆಂದು ತಿಳಿಯುವುದೂ ಬೇಡ. ನಿಂಬೆಯ ಒಂದು ಬೀಜದಿಂದ ಎರಡು ಮೂರು ಮೊಳಕೆಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಗುಣವನ್ನೇ ಪಡೆದಿರುತ್ತವೆ. ಚೆನ್ನಾಗಿ ಕಾಯುವ ಮರದ ಮಾಗಿದ ಹಣ್ಣನ್ನು ಆರಿಸಿ, ಬೀಜ ಒಣಗುವ ಮೊದಲೇ ಊರಿ, ಬೇರೆಯಾಗಿ ಕಾಣುವ ಬಡಕಲು ಸಸಿಗಳನ್ನು ಕಿತ್ತು, ಒಂದೇ ಸಮನಾಗಿ ಬೆಳೆದವನ್ನು ಉಳಿಸಿಕೊಂಡರೆ ಸಾಕು.

ನಮ್ಮಂಥ ಬಿಸಿಲ ಸೀಮೆಗೆ ನಿಂಬೆ ಒಗ್ಗುತ್ತದೆಯೇ ಎಂಬ ಅನುಮಾನ ಬೇಡ. ಕೃಷ್ಣೆಯನ್ನು ಸೇರಿ ಜೂರಾಲಕ್ಕೆ ಬರುವ ಭೀಮಾ ನದಿ, ಮೇಲೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತದೆ. ಅದೂ ಮಳೆ ಕಡಿಮೆಯ, ಬಿಸಿಲು ಜಾಸ್ತಿಯ ನಾಡು. ಅಲ್ಲಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕರ್ನಾಟಕ ಸರ್ಕಾರದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ನಿಂಬೆ ಬಿಸಿಲಿಗೆ ಹೆದರುವುದಿಲ್ಲ. ಅದು ಹೆದರುವುದು ಬುಡದಲ್ಲಿ ನಿಂತ ನೀರಿಗೆ.

ಜೂರಾಲ ಅಣೆಕಟ್ಟಿನ ಕಾಲುವೆ ಬಂದ ಊರುಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ನೀರು ಸಿಗುತ್ತದೆಂದು ಬುಡಕ್ಕೇ ಸುರಿದರೆ ಕಾಂಡದ ತೊಗಟೆ ಕೊಳೆತು ಅಂಟು ಸೋರತೊಡಗುತ್ತದೆ. ಸಾಬೂನು ಬೆರೆತ ಬಚ್ಚಲ ನೀರು ದಿನವೂ ನಿಲ್ಲುವ ಜಾಗವಂತೂ ನಿಂಬೆಗೆ ಬೇಡವೇ ಬೇಡ. ಬುಡದ ಸುತ್ತ ಒಂದಡಿ ಅಗಲಕ್ಕೆ ಮಣ್ಣು ಏರಿಸಿ, ಅದರಾಚೆ ಉಂಗುರದಂತೆ ಪಾತಿ ಮಾಡಿ, ನೀರನ್ನು ಆ ಪಾತಿಗೆ ಬಿಡಿ. ಎಳೆಯ ಸಸಿಗೆ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ, ಬೆಳೆದ ಮರಕ್ಕೆ ವಾರಕ್ಕೊಮ್ಮೆ ನೀರು ಸಾಕು. ಮಣ್ಣು ಮುಟ್ಟಿ ನೋಡಿ. ತೇವವಿದ್ದರೆ ಕೊಡವನ್ನು ಹಾಗೇ ಇಡಿ.

ಹೊಸದಾಗಿ ನೆಡುವವರು ಜೂನ್-ಜುಲೈಯ ಮೊದಲ ಮಳೆಗಳಿಗೆ ಕಾಯಿರಿ. ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟಿರಿ. ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಸಗಣಿ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ಗೋಡೆಯಿಂದ ಹತ್ತು ಹನ್ನೆರಡಡಿ ದೂರವಿರಲಿ; ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳಲಿ. ದೊಡ್ಡ ಬೇವಿನ ಮರದ ನೆರಳಲ್ಲಿ ನೆಟ್ಟ ನಿಂಬೆ ಎಲೆ ಬಿಡುತ್ತದೆ, ಕಾಯಿ ಬಿಡುವುದಿಲ್ಲ.

ರೋಗ ಮತ್ತು ಹುಳುಗಳ ವಿಷಯ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಅನೇಕ ಸಲ ಹಿಕ್ಕೆಯಲ್ಲ, ಚಿಟ್ಟೆಯ ಮರಿಹುಳು. ಅದೇ ಮುಂದೆ ಹಸಿರಾಗಿ ಬೆಳೆದು ಎಳೆಚಿಗುರನ್ನೆಲ್ಲ ತಿನ್ನುತ್ತದೆ. ಒಂದೆರಡು ಗಿಡವಿರುವ ಮನೆಯಲ್ಲಿ ಔಷಧಿ ಬೇಕಿಲ್ಲ, ಬೆಳಿಗ್ಗೆ ಮಕ್ಕಳು ಕೈಯಿಂದ ಆರಿಸಿ ತೆಗೆದರೆ ಮುಗಿಯಿತು. ಎಲೆಯಲ್ಲಿ ಬಿಳಿಯ ಅಂಕುಡೊಂಕು ಗೆರೆ ಎಳೆಯುವುದು ರಂಗೋಲಿ ಹುಳು. ಚಿಗುರು ಬಂದಾಗ ಬೇವಿನ ಬೀಜದ ಕಷಾಯ ಸಿಂಪಡಿಸಿ. ಆ ಗಾಯಗಳ ಮೂಲಕವೇ ಮಳೆಗಾಲದಲ್ಲಿ ಕಜ್ಜಿ ರೋಗ ನುಗ್ಗುತ್ತದೆ. ಕಜ್ಜಿ ಹಿಡಿದ ಕಡ್ಡಿಗಳನ್ನು ಕತ್ತರಿಸಿ ಸುಟ್ಟು, ಬೋರ್ಡೋ ದ್ರಾವಣ ಹೊಡೆಯಿರಿ. ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಟ್ಟ ಸುಣ್ಣವನ್ನು ಪ್ಲಾಸ್ಟಿಕ್ ಬಕೀಟುಗಳಲ್ಲಿ ಬೇರೆ ಬೇರೆ ಕರಗಿಸಿ, ಒಟ್ಟು ಹತ್ತು ಲೀಟರ್ ಆಗುವಂತೆ ಬೆರೆಸಬೇಕು. ಕಬ್ಬಿಣದ ಚಾಕು ಅದ್ದಿ ನೋಡಿ. ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದೆಂದು ಅರ್ಥ.

ಇನ್ನು ಗೊಬ್ಬರ. ನಿಂಬೆಯ ಆಹಾರ ಹೀರುವ ಬೇರುಗಳು ಆಳಕ್ಕೆ ಇಳಿದಿರುವುದಿಲ್ಲ, ಮೇಲೆಯೇ ಹರಡಿರುತ್ತವೆ. ಆದ್ದರಿಂದ ಕೊಂಬೆಗಳ ನೆರಳು ಬೀಳುವ ಅಂಚಿನಲ್ಲಿ, ನಾಲ್ಕೈದು ಅಂಗುಲ ಮಾತ್ರ ಕೆದಕಿ, ಬೆಳೆದ ಮರಕ್ಕೆ ವರ್ಷಕ್ಕೆ ಇಪ್ಪತ್ತು ಕಿಲೋದಷ್ಟು ಕಳಿತ ಗೊಬ್ಬರ ಹಾಕಿ ಮಣ್ಣು ಮುಚ್ಚಿ. ಆಳವಾಗಿ ಅಗೆದರೆ ಬೇರು ಕಡಿಯುತ್ತದೆ. ಬುಡಕ್ಕೆ ಒತ್ತಿ ಹಾಕಿದ ಗೊಬ್ಬರದಿಂದ ಮರಕ್ಕೆ ಲಾಭವಿಲ್ಲ.

ಸುತ್ತಲೂ ಅಗೆದು ಗೊಬ್ಬರ ಹಾಕುವ ಈ ಕೆಲಸ ನಮಗೆ ಶುಭಸಂದೇಶದಿಂದ ಪರಿಚಿತವಾದದ್ದೇ. 2025ರ ತಪಸ್ಸುಕಾಲದ ಮೂರನೇ ಭಾನುವಾರ ಸಂತ ಲೂಕನ ಹದಿಮೂರನೇ ಅಧ್ಯಾಯದಿಂದ ಅಂಜೂರದ ಮರದ ಸಾಮತಿಯನ್ನು ಕೇಳಿದೆವು. ಯಜಮಾನ ಮೂರು ವರ್ಷ ಹಣ್ಣು ಹುಡುಕಿ ಬಂದು, ಸಿಗದೆ, ಕಡಿಯಲು ಹೇಳುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ತೋಟಗಾರ ಮರದ ಪರವಾಗಿ ಏನನ್ನೂ ವಾದಿಸುವುದಿಲ್ಲ. ಮರ ಒಳ್ಳೆಯದು, ಖಂಡಿತ ಹಣ್ಣು ಬಿಡುತ್ತದೆ ಎಂದು ಭರವಸೆ ಕೊಡುವುದಿಲ್ಲ. ತಾನು ಏನು ಮಾಡುತ್ತೇನೆಂದು ಮಾತ್ರ ಹೇಳುತ್ತಾನೆ. ಅಂದರೆ ಆ ಒಂದು ವರ್ಷದ ಗಡುವು ಮರಕ್ಕೆಷ್ಟೋ ತೋಟಗಾರನಿಗೂ ಅಷ್ಟೇ. ಮರ ಕೊನೆಗೆ ಹಣ್ಣು ಬಿಟ್ಟಿತೇ? ಯೇಸುಸ್ವಾಮಿ ಅದನ್ನು ಹೇಳದೆ ಬಿಟ್ಟಿದ್ದಾರೆ.

ನಮ್ಮ ಮನೆಗಳಲ್ಲಿ ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಈ ಸಾಮತಿ ನೆನಪಾಗಬೇಕು. ಮಗ ಫೇಲಾದರೆ "ಇವನಿಗೆ ಓದು ಹತ್ತಲ್ಲ, ಬೆಂಗಳೂರಿಗೆ ಕಳಿಸು" ಎನ್ನುತ್ತೇವೆ. ಮಗಳು ಫೇಲಾದರೆ ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ, ಇಲ್ಲವೇ ಗಂಡು ನೋಡುವುದಕ್ಕೆ ಶುರುಮಾಡುತ್ತೇವೆ. ಒಂದು ಕಾಗದ ನೋಡಿ ಮರ ಕಡಿದಂತೆ. ತೆಲಂಗಾಣದಲ್ಲಿ ಫೇಲಾದ ಮಕ್ಕಳಿಗೆ ಅದೇ ಬೇಸಿಗೆಯ ಕೊನೆಯಲ್ಲಿ ಸಪ್ಲಿಮೆಂಟರಿ ಪರೀಕ್ಷೆ ಇರುತ್ತದೆ. ವರ್ಷ ಕಾಯುವ ಪ್ರಮೇಯವೂ ಇಲ್ಲ. ಆದರೆ ಬರೀ "ಇನ್ನೊಂದು ಸಲ ಬರಿ" ಎಂದು ಬಿಟ್ಟರೆ ಅದು ತೋಟಗಾರನ ಮಾತಾಗಲಿಲ್ಲ. ಫೀಸು ಕಟ್ಟುವವರು ಯಾರು? ಎರಡು ತಾಸು ಟಿವಿ ಆರಿಸುವವರು ಯಾರು? ಯಾವ ವಿಷಯ ತಲೆಗೆ ಹೋಗಿಲ್ಲವೆಂದು ಮೇಷ್ಟ್ರನ್ನು ಕೇಳಿ ಬರುವವರು ಯಾರು? ನೆರೆಹೊರೆಯವರ ಮುಂದೆ ಮಗುವನ್ನು ಹೀಯಾಳಿಸುವುದು ಬೇರು ಕಡಿಯುವ ಅಗೆತ. ಮುದ್ದಿನಿಂದ ಎಲ್ಲವನ್ನೂ ಸುರಿಯುವುದು ಬುಡಕ್ಕೆ ನಿಂತ ನೀರು. ಎರಡರಿಂದಲೂ ಗಿಡ ಸೊರಗುತ್ತದೆ.

ಎಲ್ಲ ಆರೈಕೆ ಮಾಡಿದರೂ ಕೆಲವು ಮಕ್ಕಳು ನಾವು ಬಯಸಿದ ಹಣ್ಣು ಕೊಡಲಾರರು. ಬೇರೆ ಹಣ್ಣು ಕೊಡಬಹುದು. ಅದು ದೇವರ ಕೈಯಲ್ಲಿದೆ. ಅಗೆದು ಗೊಬ್ಬರ ಹಾಕುವುದು ನಮ್ಮ ಕೈಯಲ್ಲಿದೆ.

ಈ ತಿಂಗಳು ನಿಮ್ಮ ಅಂಗಳದ ನಿಂಬೆಯ ಬುಡ ನೋಡಿ. ಮಣ್ಣು ಏರಿಸಿ, ಪಾತಿ ಸರಿಮಾಡಿ, ಒಣ ಕಡ್ಡಿ ತೆಗೆಯಿರಿ. ಮಳೆಗಾಲದಲ್ಲಿ ಕಾಯಿ ಹೆಚ್ಚಾದರೆ ಉಪ್ಪು ಹಾಕಿ ಭರಣಿ ತುಂಬಿ, ಮಿಕ್ಕಿದ್ದನ್ನು ನೆರೆಯವರಿಗೆ ಹಂಚಿ. ಕೆಲಸ ಮಾಡುವಾಗ ಮನೆಯ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಳ್ಳಿ. ಕೈ ಮಣ್ಣಿನಲ್ಲಿದ್ದಾಗ ಮಕ್ಕಳು ಮನಸ್ಸಿನ ಮಾತು ಆಡುತ್ತಾರೆ.

ಪ್ರಭುವಿನ ಆಶೀರ್ವಾದ ನಿಮ್ಮ ಮನೆಯ ಮೇಲೂ ಅಂಗಳದ ಮೇಲೂ ಇರಲಿ.